ಮಹಾಮಾಯಾ ಸಿಸ್ಟರ್ ‘ಠೈರೋ’ ಅಂದರೆ

ಕೊನೆಯಲ್ಲಿ ಎರಡು ಅಂಕಿ ಇದ್ದವೋ ಇಲ್ಲವೋ?

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದರೂ ಕರುಣಾಳ ತಲೆಯೊಳಗೆ ಇದೊಂದೇ ಪ್ರಶ್ನೆ ಗಿರಕಿ ಹೊಡೆಯುತ್ತಿತ್ತು. ನಿನ್ನೆ ಮಧ್ಯಾಹ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡೇ ಫೋನಿನಲ್ಲಿ ಒಂದು ವಿಳಾಸವನ್ನು ಕಾಪಿ ಮಾಡಿದ್ದಳು. ಊರು, ಓಣಿ, ಮನೆ ನಂಬರಿನ ವಿಳಾಸವಲ್ಲ. ಕ್ರಿಪ್ಟೊ ಹಣ ಹೋಗಿ ಸೇರುವ ವಿಳಾಸ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲ ಕಲಸಿಹೋದ, ಅರ್ಥವೇ ಇಲ್ಲದ ಉದ್ದನೆಯ ಸಾಲು. ಕಾಪಿ ಮಾಡುವಾಗ ಅದರ ಬಾಲದಲ್ಲಿ ಎರಡು ಅಂಕಿ ಕಂಡ ನೆನಪು. ಪೇಸ್ಟ್ ಮಾಡಿದ ಮೇಲೆ ನೋಡಿದರೆ ಬಾಲದಲ್ಲಿ ಬರೀ ಅಕ್ಷರ. ಅಷ್ಟರಲ್ಲಿ ಮಗಳು ಫೋನು ಕಸಿದುಕೊಂಡಳು, ಪರದೆ ಮುಚ್ಚಿತು, ಹಣ ಕಳಿಸುವುದು ಅಲ್ಲಿಗೇ ನಿಂತಿತು. ಮತ್ತೊಮ್ಮೆ ಪೇಸ್ಟ್ ಮಾಡಿ ನೋಡುವ ಧೈರ್ಯ ಆಗಿನಿಂದ ಈಗಿನವರೆಗೂ ಬಂದಿರಲಿಲ್ಲ.

ಆ ಹಣ ಅವಳದೇ ದುಡಿಮೆ. ಬೀದರಿನ ಚಿದ್ರಿಯ ಈ ಚಿಕ್ಕ ಮನೆಯಲ್ಲಿ ಮಗಳು ನಿದ್ದೆ ಹೋದಾಗಲೆಲ್ಲ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಯಾವುದೋ ದೇಶದ ಸಭೆಗಳ ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸಿ ಗಳಿಸಿದ್ದು. ಆ ಕಂಪನಿ ಸಂಬಳವನ್ನು ಡಾಲರಿನ ಬೆಲೆಯ ಕ್ರಿಪ್ಟೊ ನಾಣ್ಯದಲ್ಲಿ ಕಳಿಸುತ್ತಿತ್ತು. ಎರಡು ವರ್ಷದ ಗಳಿಕೆಯೆಲ್ಲ ಅವಳ ಫೋನಿನ ವಾಲೆಟ್ಟಿನೊಳಗೇ ಕೂತಿತ್ತು. ಅದನ್ನು ಎಕ್ಸ್‌ಚೇಂಜಿಗೆ ಕಳಿಸಿ ರೂಪಾಯಿ ಮಾಡಿಕೊಂಡರೆ ಮಾಳಿಗೆಯ ಮೇಲೆ ಒಂದು ಕೋಣೆ ಏಳುತ್ತದೆ. ಬಾಗಿಲು ಹಾಕಿಕೊಂಡು ಕೆಲಸ ಮಾಡಬಹುದಾದ, ಕುಕ್ಕರಿನ ಸೀಟಿ ಕೇಳಿಸದ ಅವಳದೇ ಕೋಣೆ. ಗೌಂಡಿ ಖಾಸಿಂ ಅಲಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದ.

ಕ್ರಿಪ್ಟೊ ಹಣಕ್ಕೆ ಒಂದು ಕೆಟ್ಟ ಗುಣ. ತಪ್ಪು ವಿಳಾಸಕ್ಕೆ ಹೋಯಿತೆಂದರೆ ಹೋದಂತೆಯೇ. ‘ಸಾಹೇಬ್ರ, ತಪ್ಪಾಗ್ಯದ, ವಾಪಸ್ ಹಾಕ್ರಿ’ ಎಂದು ಕೈಮುಗಿಯಲು ಬ್ಯಾಂಕಿಲ್ಲ, ಮ್ಯಾನೇಜರಿಲ್ಲ.

ಗಂಡ ರಾಜರತ್ನ ಕಚೇರಿಗೆ ಹೊರಟು ಷೂ ಹಾಕಿಕೊಳ್ಳುತ್ತಿದ್ದಾಗ ಕರುಣಾ ಹೇಳಿಯೇಬಿಟ್ಟಳು.

"ರೀ, ನನ್ನ ಫೋನಿನ್ಯಾಗ ಏನೋ ಹೊಕ್ಕೊಂಡದ ಅನಸ್ತದರಿ."

"ಹೋದ ವಾರ ಸಿಲಿಂಡರಿನ್ಯಾಗ ಹೊಕ್ಕೊಂಡಿತ್ತು. ಅದರ ಹಿಂದಿನ ವಾರ ಮಗಳ ಕಿವ್ಯಾಗ," ಎಂದ ರಾಜರತ್ನ ನಗುತ್ತ. "ಕರುಣಾ, ನೀ ಹೆದರೂದಕ್ಕ ಪಗಾರ ಕೊಡೂ ಕಂಪನಿ ಇದ್ರ ನಾ ನೌಕರಿ ಬಿಡ್ತಿದ್ದೆ."

ಅವನು ಕೆಟ್ಟವನಲ್ಲ. ಅವಳ ಹೆದರಿಕೆಗಳು ಒಂದೇ ಎರಡೇ? ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು. ಓದಿದ್ದರಿಂದ ಹೆದರಲು ಹೆಚ್ಚು ಹೆಸರು ಗೊತ್ತಾದವಷ್ಟೇ. ಗ್ಯಾಸು, ಜ್ವರ, ಬೀದಿನಾಯಿ, ಚಾರ್ಜರು. ಹತ್ತರಲ್ಲಿ ಒಂಬತ್ತು ಸುಳ್ಳಾದ ಮೇಲೆ ಹತ್ತನೆಯದನ್ನು ಯಾರು ನಂಬಬೇಕು? ಅವಳಿಗೇ ತನ್ನ ಕಣ್ಣಿನ ಮೇಲೆ ನಂಬಿಕೆ ಉಳಿದಿರಲಿಲ್ಲ.

ಇಂಥ ಮಾತನ್ನು ನಗದೆ ಕೇಳುವವಳು ಮನೆತನದಲ್ಲಿ ಒಬ್ಬಳೇ: ರಾಜರತ್ನನ ಅಕ್ಕ ಮಹಾಮಾಯಾ. ಭಾಲ್ಕಿಯ ಆಸ್ಪತ್ರೆಯಲ್ಲಿ ನರ್ಸು. ಬರುತ್ತೇನೆಂದು ಫೋನು ಮಾಡಬೇಕೆಂದರೆ ಅದೇ ಫೋನು ಮುಟ್ಟಬೇಕು. ಕರುಣಾ ಮುಟ್ಟಲಿಲ್ಲ. ಅದನ್ನು ಒಂದು ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದಳು. ವಾಲೆಟ್ಟಿನ ಹನ್ನೆರಡು ಗುಪ್ತಪದಗಳನ್ನು ಬರೆದಿಟ್ಟ ಚೀಟಿ ಮಗಳ ಲಸಿಕೆ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿತ್ತು, ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಮಗಳನ್ನು ಎತ್ತಿಕೊಂಡು ಭಾಲ್ಕಿಯ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಕ್ಕನದೇ ಯೋಚನೆ. ಮಹಾಮಾಯಾ ಔರಾದ ತಾಲೂಕಿನ ಚಿಂತಾಕಿಯ ಹುಡುಗಿ. ಆ ಮನೆಯಿಂದ ಸರಕಾರಿ ನೌಕರಿಗೆ ಹೋದ ಮೊದಲ ಹೆಣ್ಣುಮಗಳು. ಔರಾದಿಗೆ ಬಸ್ಸಿನಲ್ಲಿ ನಿಂತೇ ಹೋಗಿ ಬಂದು ಓದಿದಳು, ಬೀದರಿನಲ್ಲಿ ನರ್ಸಿಂಗ್ ಕಲಿತಳು, ಸಾಯಗಾಂವಕ್ಕೆ ಮದುವೆಯಾಗಿ ಹೋದಳು. ಗಂಡ ಹೊಲ ನೋಡಿಕೊಳ್ಳುತ್ತಾನೆ, ಇವಳು ಭಾಲ್ಕಿಯ ವಾರ್ಡು ನೋಡಿಕೊಳ್ಳುತ್ತಾಳೆ. ದಪ್ಪ ದನಿ, ದೊಡ್ಡ ಹೆಜ್ಜೆ, ಯಾರ ಮುಂದೂ ತಗ್ಗದ ಬಾಯಿ. ಮದುವೆ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ನಗುವವಳೂ ಅವಳೇ. ಆದರೆ ಔಷಧದ ಬಾಟಲಿ ಕೈಗೆ ಬಂದರೆ ಮುಗಿಯಿತು, ಮುಖವೇ ಬೇರೆ. ಓದಿ ಮುಗಿಸುವತನಕ ಎದುರಿಗೆ ಜಿಲ್ಲಾಧಿಕಾರಿ ಬಂದು ನಿಂತರೂ ಉತ್ತರ ಸಿಗುವುದಿಲ್ಲ. ಯಾರಾದರೂ ಅವಸರ ಮಾಡಿದರೆ ಒಂದೇ ಮಾತು: "ಠೈರೋ." ತಡಿ ಎಂದು. ವಾರ್ಡಿನ ರೋಗಿಗಳು ಇಟ್ಟ ಹೆಸರು ಹಾಗೆಯೇ ಉಳಿದುಬಿಟ್ಟಿತ್ತು: ಠೈರೋ ಸಿಸ್ಟರ್.

ಅವಳ ಜೊತೆಗಾರ್ತಿ ಮುಸರ್ರತ ಒಂದು ಪ್ರಸಂಗವನ್ನು ಸಿಕ್ಕವರಿಗೆಲ್ಲ ಹೇಳುತ್ತಾಳೆ. ಒಂದು ಬೇಸಿಗೆಯಲ್ಲಿ ಔರಾದಿನ ಅಂಬೂಬಾಯಿ ಎಂಬ ಮುದುಕಿಗೆ ರಕ್ತ ಏರಿಸಬೇಕಿತ್ತು. ಚೀಲದ ಮೇಲಿನ ನಂಬರು, ಗುಂಪು, ಕಾಟಿನ ಬೋರ್ಡು ಎಲ್ಲ ಸರಿ. ವೈದ್ಯರು ಹೂಂ ಅಂದಿದ್ದರು. ಮಹಾಮಾಯಾ ಮಾತ್ರ ಮಲಗಿದ್ದ ಮುದುಕಿಯನ್ನು ಎಬ್ಬಿಸಿ, "ಅಮ್ಮಾ, ನಿಮ್ಮ ಹೆಸರೇನ್ರಿ? ಯಾವೂರು?" ಎಂದು ಕೇಳಿದಳು. ನೋಡಿದರೆ ಅವಳು ಅಂಬೂಬಾಯಿಯೇ ಅಲ್ಲ! ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತದೆಂದು ಇಬ್ಬರು ಮುದುಕಿಯರೂ ಒಪ್ಪಂದ ಮಾಡಿಕೊಂಡು ಕಾಟು ಬದಲಿಸಿಕೊಂಡಿದ್ದರು. ‘ನೀವು ಅಂಬೂಬಾಯಿ ಹೌದಲ್ರಿ?’ ಎಂದು ಕೇಳಿದ್ದರೆ ಆ ನಿದ್ದೆಗಣ್ಣಿನಲ್ಲಿ ಹೂಂ ಎಂದುಬಿಡುತ್ತಿದ್ದಳು. ಬೇನೆಯಲ್ಲಿರುವವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ ಎನ್ನುವುದು ಮಹಾಮಾಯಾಳ ಅನುಭವ. ಅದಕ್ಕೇ ಅವಳು ಉತ್ತರವನ್ನು ತಾನು ಹೇಳಿ ಪ್ರಶ್ನೆ ಕೇಳುವುದಿಲ್ಲ.

ಹಲಬರ್ಗಾ ದಾಟಿತು. ಬಿಸಿಲು ಕಿಟಕಿಯ ಸರಳು ಸುಡುತ್ತಿತ್ತು. ಕರುಣಾ ಚೀಲವನ್ನು ಒತ್ತಿ ಹಿಡಿದು ಕೂತಳು. ಈ ಕ್ಷಣದಲ್ಲೇ ಯಾರೋ ಎಲ್ಲಿಯೋ ಕೂತು ತನ್ನ ಕೋಣೆಯ ಇಟ್ಟಿಗೆಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿ ಕಣ್ಣು ತುಂಬಿತು.

ಬೆಳಗಿನ ಪಾಳಿ ಮುಗಿದು ಮಹಾಮಾಯಾ ಮತ್ತು ಮುಸರ್ರತ ನರ್ಸುಗಳ ಕೋಣೆಯಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಅಕ್ಕನನ್ನು ಕಂಡದ್ದೇ ಕರುಣಾ ನಿಂತಲ್ಲಿಯೇ ಎಲ್ಲ ಒದರಿಬಿಟ್ಟಳು: ಕಾಪಿ, ಪೇಸ್ಟ್, ಎರಡು ಅಂಕಿ, ಹಾಲು, ರಾಜರತ್ನನ ನಗು.

"ನನಗ ಹಂಗ ಕಂಡಿತೋ, ಖರೇನ ಹಂಗ ಇತ್ತೋ ಗೊತ್ತಿಲ್ರಿ ಅಕ್ಕಾ. ನಾ ಹೆದರಪುಕ್ಕಲಿ ಅಂತ ನಿಮಗೂ ಗೊತ್ತದ."

ಮಹಾಮಾಯಾ ನಗಲಿಲ್ಲ. ರೊಟ್ಟಿಯ ಡಬ್ಬಿ ಮುಚ್ಚಿದಳು.

"ರಕ್ತ ಏರಸೂ ಮುಂದ ಪೇಷಂಟ್ ‘ಏನೋ ಆಗ್ಲಾಕತ್ತದರಿ’ ಅಂದ್ರ ನಾವು ಏನ್ ಮಾಡ್ತೇವಿ ಗೊತ್ತದೇನು? ಹೆದರಪುಕ್ಕಲಿ ಹೌದೋ ಅಲ್ಲೋ ಅಂತ ವಿಚಾರ ಮಾಡಂಗಿಲ್ಲ. ಮೊದಲು ನಳ ಬಂದ್. ಆಮ್ಯಾಲ ಮಾತು. ಫೋನ್ ಎಲ್ಲದ?"

"ಅಕ್ಕಾ, ಅದರಿಂದ್ಲೇ ಈಗಿಂದೀಗ ಎಲ್ಲಾ ಕಳಿಸಿಬಿಡ್ತೇನ್ರಿ. ಅವರು ತಗೊಳ್ಳೂಕಿಂತ ಮೊದಲು..."

"ಠೈರೋ!"

ಮಗಳು ಬೆಚ್ಚಿ ಅಳಲು ಸುರುಮಾಡಿದಳು. ಮುಸರ್ರತ ಅವಳನ್ನು ಎತ್ತಿಕೊಂಡು, "ಅರೇ ಬೇಟಾ, ಇದು ನಿಂಗಲ್ಲ, ನಿಮ್ಮಮ್ಮಗ," ಎಂದು ಬಿಸ್ಕಿಟ್ಟು ಹಿಡಿಸಿದಳು.

ಫೋನಿಗೆ ಇಂಟರ್ನೆಟ್ ತಾಗದಂತೆ ಏರೋಪ್ಲೇನ್ ಮೋಡ್ ಹಾಕಿ, ಸಿಮ್ ತೆಗೆದರು. ಆಮೇಲೆ ಪರೀಕ್ಷೆ. ಕಂಪನಿಯಿಂದ ಮೊದಲು ಹಣ ಬಂದಾಗಿನ ಹಳೆಯ ವಿಳಾಸವೊಂದನ್ನು ಕರುಣಾ ಕಾಪಿ ಮಾಡಿ, ಟಿಪ್ಪಣಿ ಬರೆಯುವ ಜಾಗದಲ್ಲಿ ಪೇಸ್ಟ್ ಮಾಡಿದಳು. ಮೂವರ ತಲೆಯೂ ಪರದೆಯ ಮೇಲೆ ಬಾಗಿತು. ಮೊದಲಿನ ಅಕ್ಷರ ಅದೇ. ಮುಂದಿನದೆಲ್ಲ ಬೇರೆ. ಬಾಲದಲ್ಲಿ ನಿನ್ನೆಯದೇ ಅಕ್ಷರಗಳು.

ಕಳ್ಳ ತಂತ್ರಾಂಶವೊಂದು ಒಳಗೆ ಕೂತು, ಅವಳು ಕಾಪಿ ಮಾಡಿದ ಪ್ರತಿಯೊಂದು ವಿಳಾಸವನ್ನೂ ತನ್ನ ವಿಳಾಸಕ್ಕೆ ಬದಲಿಸುತ್ತಿತ್ತು.

ವಿಚಿತ್ರವೆಂದರೆ ಕರುಣಾಳ ಹೆದರಿಕೆಯ ಕೆಳಗೆ ಒಂದು ಸಮಾಧಾನವೂ ಇತ್ತು. ಅವಳ ಕಣ್ಣು ಸುಳ್ಳು ಹೇಳಿರಲಿಲ್ಲ.

"ನಿನ್ನ ಹೆದರಿಕಿ ನಿನ್ನಿ ರೊಕ್ಕ ಉಳಿಸ್ಯದ," ಎಂದಳು ಮಹಾಮಾಯಾ. "ಇವತ್ತೂ ಉಳೀತದ. ಈಗ ಹೇಳು, ನಿನ್ನ ಈ ಕ್ರಿಪ್ಟೊ ನನಗ ತಿಳಿಯಂಗಿಲ್ಲ. ರೊಕ್ಕ ಈ ಫೋನಿನ್ಯಾಗ ಅದ, ಹೌದಿಲ್ಲೊ?"

"ಇಲ್ರಿ. ಅದು ಇರೂದು ನೆಟ್‌ನ್ಯಾಗ. ಫೋನಿನ್ಯಾಗ ಇರೂದು ಬರೇ ಕೀಲಿ. ಹನ್ನೆರಡು ಪದ ಗೊತ್ತಿದ್ರ ಬ್ಯಾರೆ ಯಾವ ಫೋನಿನ್ಯಾಗರ ಅದೇ ವಾಲೆಟ್ ತಗೀಬಹುದು. ಆದ್ರ ಕಳ್ಳಗ ಆ ಪದಾನೂ ಸಿಕ್ಕಿದ್ರ..."

"ಸಿಕ್ಕಿದ್ರ ಅಂಬೂದು ಆಮ್ಯಾಲ. ಜಡ್ಡಾದ ಫೋನ್ ಮುಟ್ಟಬ್ಯಾಡ, ಅದನ್ನ ಅತ್ತ ಇಡು. ಸ್ವಚ್ಛ ಫೋನ್ ಬೇಕು ಅಂದ್ರ ನಂದು ಅದ. ಅದರಾಗ ಏನೂ ಇಲ್ಲ. ಬರೇ ನಿನ್ನ ಮಗಳ ಫೋಟೋ ಮತ್ತ ಸಾಯಗಾಂವದ ಹೊಲ."

"ದೀದಿ ಫೋನಿನ್ಯಾಗ ಹೊಗ್ಲಾಕ ವೈರಸ್ಸಿಗೂ ಪರ್ಮಿಷನ್ ಬೇಕು," ಎಂದಳು ಮುಸರ್ರತ.

ಅದೇ ಕಾಪಿ-ಪೇಸ್ಟ್ ಪರೀಕ್ಷೆ ಮಹಾಮಾಯಾಳ ಫೋನಿಗೂ ನಡೆಯಿತು. ಮುಸರ್ರತಳದಕ್ಕೂ. ಎರಡೂ ಶುದ್ಧ. ಕರುಣಾ ಅಧಿಕೃತ ಆ್ಯಪ್ ಅಂಗಡಿಯಿಂದಲೇ ಮಹಾಮಾಯಾಳ ಫೋನಿಗೆ ವಾಲೆಟ್ಟನ್ನು ಇಳಿಸಿಕೊಂಡಳು. ತಯಾರಕರ ಹೆಸರನ್ನು ಮಹಾಮಾಯಾ ಅಕ್ಷರ ಬಿಡದೆ ಓದಿಸಿದಳು. ಗುಪ್ತಪದಗಳ ಚೀಟಿ ಹೊರಬಂದಾಗ ಅವಳು ಥಟ್ಟನೆ ಎದ್ದು ನಿಂತಳು.

"ಮುಸರ್ರತ, ಮಾರಿ ಗ್ವಾಡಿ ಕಡಿ ಮಾಡು."

"ನಾ ಏನ್ ಕಳ್ಳಿ ಏನ್ರಿ ದೀದಿ?"

"ನಾನೂ ಕಳ್ಳಿ ಅಲ್ಲ. ನಾನೂ ತಿರಗ್ತೇನಿ. ನೋಡಿದ್ರ ನೆನಪ ಉಳೀತದ, ನೆನಪ ಉಳಿದ್ರ ನಾಳಿ ಅಕಿಗಿ ಅನುಮಾನ ಉಳೀತದ. ಮೊದಲೇ ಅಕಿಗಿ ನಿದ್ದಿ ಬರಂಗಿಲ್ಲ."

ಇಬ್ಬರು ನರ್ಸುಗಳು ಗೋಡೆಯ ಕಡೆ ಮುಖ ಮಾಡಿ ನಿಂತರು. ಮುಸರ್ರತಳ ಹೆಗಲ ಮೇಲಿಂದ ಮಗಳು ಬಿಸ್ಕಿಟ್ಟು ಚೀಪುತ್ತ ತಾಯಿಯನ್ನು ನೋಡುತ್ತಿದ್ದಳು. ಕರುಣಾ ಒಂದೊಂದೇ ಪದ ಒತ್ತಿದಳು. ಚಕ್ರ ತಿರುಗಿತು. ಹಣ ಕಂಡಿತು. ಎಲ್ಲವೂ ಇತ್ತು.

"ಅದಾ ಅಕ್ಕಾ! ಇನ್ನೂ ಅದಾರೀ!"

ಈಗ ಅದನ್ನು ದಾಟಿಸಬೇಕು. ಒಟಿಪಿ ಬರಲೆಂದು ಅವಳ ಸಿಮ್ಮನ್ನು ಮಹಾಮಾಯಾಳ ಫೋನಿನ ಎರಡನೆಯ ಖಾನೆಗೆ ಹಾಕಿದರು, ಕರುಣಾ ಎಕ್ಸ್‌ಚೇಂಜಿನ ತನ್ನ ಖಾತೆಯ ಪಾಸ್‌ವರ್ಡ್ ಬದಲಿಸಿದಳು. ಮುಸರ್ರತಳ ಫೋನಿನಲ್ಲಿ ಎಕ್ಸ್‌ಚೇಂಜಿನ ಪುಟ ತೆರೆದು ಅಲ್ಲಿನ ಕ್ಯೂಆರ್ ಕೋಡನ್ನು ಮಹಾಮಾಯಾಳ ಫೋನಿನಿಂದ ಹಿಡಿದಾಗ ವಿಳಾಸ ತಾನೇ ಬಂದು ಕೂತಿತು. ಕರುಣಾ ಮೊದಲ ನಾಲ್ಕು ಅಕ್ಷರ ನೋಡಿದಳು, ಕೊನೆಯ ನಾಲ್ಕು ನೋಡಿದಳು. ಎರಡು ಅಂಕಿ ಇದ್ದವು.

"ಸರಿ ಅದರಿ. ಕಳಿಸ್ಲೇನು?"

"ಮಾರಿ ನೋಡ್ದಿ, ಕಾಲ್ ನೋಡ್ದಿ. ನಡುವ ಯಾರ ಹೊಟ್ಟಿ ಅದ ಗೊತ್ತೇನು? ಇತ್ತ ಕೊಡು."

ಆಮೇಲೆ ನಡೆದದ್ದನ್ನು ಕರುಣಾ ಬದುಕಿರುವತನಕ ಮರೆಯುವುದಿಲ್ಲ. ರಕ್ತದ ಚೀಲ ಏರಿಸುವ ಮುನ್ನ ಓದುತ್ತಾರಲ್ಲ, ಹಾಗೆ ಇಬ್ಬರೂ ಎದುರುಬದುರು ಕೂತರು. ಮುಸರ್ರತ ಎಕ್ಸ್‌ಚೇಂಜಿನ ಪುಟದಿಂದ ಒಂದೊಂದೇ ಅಕ್ಷರ ಕೂಗುವುದು, ಮಹಾಮಾಯಾ ತನ್ನ ಪರದೆಯ ಮೇಲೆ ಬೆರಳಿಟ್ಟು ಅದನ್ನೇ ತಿರುಗಿ ಕೂಗುವುದು.

"ದೊಡ್ಡ ಕೆ."

"ದೊಡ್ಡ ಕೆ."

"ಸಣ್ಣ ಎಂ. ಏಳು."

"ಒಂದೊಂದೇ ಹೇಳು, ಜೋಡಿ ಹೇಳಬ್ಯಾಡ. ಸಣ್ಣ ಎಂ."

ನಡುವೆ ವಾರ್ಡಿನ ಹುಡುಗಿಯೊಬ್ಬಳು ಬಾಗಿಲಲ್ಲಿ ಇಣುಕಿ ಏನೋ ಕೇಳಿದಳು. ಉತ್ತರ ಸಿಗಲಿಲ್ಲ. ಮಹಾಮಾಯಾ ಬೆರಳು ಎತ್ತದೆ, "ಮೊದಲಿಂದ," ಅಂದಳು. ಮುಸರ್ರತ ಹಣೆ ಚಚ್ಚಿಕೊಂಡು ಮೊದಲಿನಿಂದ ಸುರುಮಾಡಿದಳು. ದಪ್ಪ ದನಿ, ತೆಳು ದನಿ, ದಪ್ಪ ದನಿ, ತೆಳು ದನಿ. ತನ್ನ ಎರಡು ವರ್ಷದ ದುಡಿಮೆಯನ್ನು ಅದರ ಅರ್ಥವೇ ತಿಳಿಯದ ಇಬ್ಬರು ಇಷ್ಟು ಮರ್ಯಾದೆಯಿಂದ ಓದುತ್ತಿರುವುದನ್ನು ಕೇಳುತ್ತ ಕರುಣಾ ಅವರ ಹತ್ತಿರಕ್ಕೆ ಸರಿದು ಕೂತಳು. ಚಿದ್ರಿಯ ಮನೆಯಲ್ಲಿ ಅವಳ ಕೆಲಸಕ್ಕೆ ಯಾರೂ ಹೀಗೆ ಎದುರಿಗೆ ಕೂತಿರಲಿಲ್ಲ.

"ಇನ್ನೊಂದದರಿ ಅಕ್ಕಾ," ಎಂದಳು ಅವಳೇ ಈಗ. "ನೆಟ್‌ವರ್ಕ್ ಎರಡೂ ಕಡಿ ಒಂದೇ ಇರಬೇಕು. ಬ್ಯಾರೆ ಆರಿಸಿದ್ರ ವಿಳಾಸ ಸರಿ ಇದ್ರೂ ರೊಕ್ಕ ಮುಟ್ಟಂಗಿಲ್ಲ."

"ಅಂದ್ರ ರಕ್ತದ ಗುಂಪು. ನೋಡು, ತಿಳೀತದ ನನಗೂ. ಓದು."

ಓದಿದರು. ಒಂದೇ ಇತ್ತು.

"ಈಗ ಸ್ವಲ್ಪೇ ಕಳಿಸು. ಹೋದ್ರೂ ಅಳಬಾರದು, ಅಷ್ಟು. ಮೊದಲ ಹನಿ ಮೈಗಿ ಹಿಡಿತದೋ ಇಲ್ಲೋ ನೋಡೂನು."

ಕರುಣಾ ಒತ್ತಿದಳು. ಮೂವರೂ ಎಕ್ಸ್‌ಚೇಂಜಿನ ಪುಟವನ್ನೇ ನೋಡುತ್ತ ಕೂತರು. ಮುಸರ್ರತ ಚಹಾ ತರುತ್ತೇನೆಂದು ಏಳಹೋದಳು.

"ಕೂಡು. ಮೊದಲ ಹನಿ ಹೋಗೂ ಮುಂದ ಯಾರೂ ಕಾಟ್ ಬಿಟ್ಟು ಏಳಂಗಿಲ್ಲ."

"ಯಾ ಅಲ್ಲಾ, ಫೋನಿಗೂ ಬಿ.ಪಿ. ನೋಡ್ರಿ ಮತ್ತ!"

ಆ ಸಣ್ಣ ಮೊತ್ತ ಬಂದು ಸೇರಿತು. ಮಹಾಮಾಯಾ ಅಷ್ಟಕ್ಕೇ ಬಿಡಲಿಲ್ಲ. ಇನ್ನೊಮ್ಮೆ ಇಡೀ ವಿಳಾಸ ಓದಿಸಿ, ಆಮೇಲೆ ಉಳಿದದ್ದನ್ನು ಕಳಿಸಗೊಟ್ಟಳು. ಅದೂ ಸೇರಿತು. ಹಳೆಯ ವಾಲೆಟ್ಟು ಖಾಲಿಯಾಯಿತು. ಇನ್ನು ಆ ಗುಪ್ತಪದಗಳು ಕಳ್ಳನಿಗೆ ಸಿಕ್ಕರೂ ಖಾಲಿ ಮನೆಯ ಕೀಲಿ. ಮುಸರ್ರತಳ ಫೋನಿನಿಂದ ಲಾಗ್‌ಔಟ್ ಮಾಡಿ, ಕಂಪನಿಗೆ ಹೊಸ ವಿಳಾಸ ಕೊಡುವುದಕ್ಕೆ ಹೊಸ ವಾಲೆಟ್ಟು ಬೇರೆಯೇ ಮಾಡಬೇಕೆಂದು ಕರುಣಾ ತೀರ್ಮಾನಿಸಿದಳು. ಆಗಲೇ ಅವಳಿಗೆ ಹಸಿವು ಗೊತ್ತಾಗಿದ್ದು.

ತಣ್ಣಗಾದ ರೊಟ್ಟಿ ಮುರಿಯುತ್ತ ಮಹಾಮಾಯಾ ಕೇಳಿದಳು. "ಈಗ ಹೇಳು. ಇತ್ತಿತ್ಲಾಗ ಆ ಫೋನಿನ್ಯಾಗ ಹೊಸಾದು ಏನ್ ಹಾಕಿದಿ?"

"ಏನೂ ಇಲ್ರಿ. ನಾ ಎಷ್ಟು ಜೋಪಾನ ಇರ್ತೇನಿ..." ಎಂದವಳು ಏನೋ ನೆನಪಾಗಿ ತುತ್ತನ್ನು ಡಬ್ಬಿಗೇ ಇಟ್ಟಳು.

ಭೀಮ ಜಯಂತಿಗೆ ಚಿಂತಾಕಿಗೆ ಹೋಗಿದ್ದರು. ಆಗ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಆ್ಯಪ್ ಬಂದಿತ್ತು. ನೀಲಿ ಚೌಕಟ್ಟು, ಅಶೋಕ ಚಕ್ರ, ನಡುವೆ ನಮ್ಮ ಫೋಟೋ ಕೂಡಿಸಿಕೊಂಡು ಎಲ್ಲರಿಗೂ ಶುಭಾಶಯ ಹಂಚುವ ಫ್ರೇಮು. ಅಂಗಡಿಯಿಂದ ಇಳಿಸಿದ್ದಲ್ಲ, ಗುಂಪಿನಿಂದ ನೇರ ಬಂದದ್ದು. ಜಯಂತಿಯ ದಿನ ಫ್ರೇಮಿನಲ್ಲಿ ಮುಖ ಇಲ್ಲದವರು ಊರಿನಲ್ಲಿ ಯಾರಿದ್ದರು? ಫೋನು ಎಚ್ಚರಿಕೆ ಕೊಟ್ಟಿತ್ತು. ‘ಅನುಮತಿಸು’ ಎಂದು ಒತ್ತಿದ್ದಳು. ಬೇರೆ ಯಾವ ಸಂದೇಶವಾದರೂ ಹತ್ತು ಸಲ ಯೋಚಿಸುವವಳು ಇದಕ್ಕೆ ಒಂದು ಸಲವೂ ಯೋಚಿಸಿರಲಿಲ್ಲ. ಅನುಮಾನಪಡುವುದೇ ತಪ್ಪು ಎನ್ನಿಸುವಂಥ ಸಂಭ್ರಮ ಅದು.

"ಅದು ನನಗೂ ಬಂದಿತ್ತು," ಎಂದಳು ಮಹಾಮಾಯಾ, ಅವಳು ಹೇಳಿದ್ದನ್ನೆಲ್ಲ ಕೇಳಿ. "ನಾ ಡ್ಯೂಟಿ ಮ್ಯಾಲಿದ್ದೆ. ಸಂಜಿಕಿ ಮ್ಯಾಣಬತ್ತಿ ಹಚ್ಚಿ ಕೈ ಮುಗದೆ, ನನ್ನ ಜಯಂತಿ ಆಯ್ತು. ಕಳ್ಳರು ನೋಡು, ಎಲ್ಲಿ ನಾವು ಕಣ್ಣು ಮುಚ್ಚಿ ಕೈ ಮುಗೀತೇವಿ ಅಲ್ಲೇ ಬಂದು ಕುಂದುರ್ತಾರ. ಯಾರು ಕಳಿಸಿದ್ರು?"

"ಪಂಢರಿ ಕಾಕಾ."

ಪಂಢರಿ ಕಾಕಾ ಎಂದರೆ ರಾಜರತ್ನನ ಅಪ್ಪನ ತಮ್ಮ, ಚಿಂತಾಕಿಯ ಮನೆಯ ಹಿರಿಯ. ಅವರಿಗೂ ಯಾರೋ ಕಳಿಸಿದ್ದರು. ಖುಷಿಯಿಂದ ಎಲ್ಲರಿಗೂ ಹಂಚಿದ್ದರು. ತಮ್ಮದೂ ಹೆಂಡತಿ ಶಾಲುಬಾಯಿಯದೂ ಮುಖ ಇರುವ ಆ ಫ್ರೇಮು ಇವತ್ತಿಗೂ ಅವರ ಡಿಪಿ. ತೊಗರಿ ಮಾರಿದ ಹಣ, ಪಿಂಚಣಿ ಎಲ್ಲ ಅದೇ ಫೋನಿನ ಬ್ಯಾಂಕ್ ಆ್ಯಪಿನಲ್ಲಿ. ಊರಿನ ಎಷ್ಟು ಫೋನುಗಳಲ್ಲಿ ಅದು ಹೊಕ್ಕು ಕೂತಿತ್ತೋ.

"ನೀವು ಹೇಳ್ರಿ ಅಕ್ಕಾ. ನಾ ಹೇಳಿದ್ರ ಕಲಬುರಗಿ ಹುಡುಗಿ ನಮ್ಮ ಜಯಂತಿ ಫ್ರೇಮಿಗೇ ಜಡ್ಡು ಅಂದ್ಳು ಅಂತಾರ. ಮೊದಲೇ ನಾ ಕಾಸಿ ಆರಸಿದ ನೀರು ಒಯ್ದಿದ್ದಕ್ಕ ಶಾಲು ಕಾಕು ಎಷ್ಟ್ ನಕ್ಕಿದ್ರು."

"ನಾ ಏನಂತ ಹೇಳ್ಲಿ? ವಿಳಾಸ ಬದಲಾಗಿದ್ದು ಕಣ್ಣಾರೆ ಕಂಡಾಕಿ ನೀನು. ಪಾಳಿ ಬದಲಾಗೂ ಮುಂದ ಕಂಡಾಕಿನೇ ಹೇಳಿ ಹೋಗಬೇಕು, ನಡುವ ಇನ್ನೊಬ್ಬರು ಬಂದ್ರ ಮಾತು ಅರ್ಧ ಆಗ್ತದ." ಮಹಾಮಾಯಾ ತನ್ನ ಫೋನನ್ನು ಮುಂದೆ ಸರಿಸಿದಳು. "ನಿನ್ನ ರೊಕ್ಕ ಉಳೀತು. ಅವರದು ಇನ್ನೂ ನಳ ತೆರದೇ ಅದ."

ಕರುಣಾ ಫೋನನ್ನು ನೋಡಿದಳು. ಬೈದರೆ? ನಕ್ಕರೆ? ಮುನಿಸಿಕೊಂಡು ಮುಂದಿನ ಹಬ್ಬಕ್ಕೆ ಕರೆಯದಿದ್ದರೆ? ಹೆದರಿಕೆಗಳು ಒಂದರ ಹಿಂದೊಂದು ಸಾಲಾಗಿ ಬಂದು ನಿಂತವು. ಈ ಸಲ ಅವನ್ನು ಅಲ್ಲೇ ನಿಲ್ಲಿಸಿ ಅವಳು ನಂಬರು ಒತ್ತಿದಳು.

"ಏ ಮಾಯಾ, ಹೇಳವ್ವ," ಆ ಕಡೆಯಿಂದ ಕಾಕಾನ ದೊಡ್ಡ ದನಿ.

"ಜೈ ಭೀಮ ಕಾಕಾ. ನಾ ಕರುಣಾ ಮಾತಾಡ್ಲಾಕತ್ತೀನ್ರಿ, ಅಕ್ಕನ ಫೋನಿಂದ."

"ಜೈ ಭೀಮ, ಜೈ ಭೀಮ! ಏನಾತವಾ? ಮಗಳು ಸೀನಿದ್ಳೇನು?"

ಹಿಂದೆ ಶಾಲುಬಾಯಿ ನಕ್ಕದ್ದು ಕೇಳಿಸಿತು.

"ಮಗಳು ಆರಾಮ ಅದಾಳ್ರಿ. ಕಾಕಾ, ನೀವು ಪ್ರೀತಿಲಿಂದ ಕಳಿಸಿದ್ರಿ, ನಾನೂ ಪ್ರೀತಿಲಿಂದನೇ ಹಾಕ್ಕೊಂಡಿದ್ದೆ. ಆ ಜಯಂತಿ ಫ್ರೇಮಿನ ಹಿಂದ ಯಾರೋ ಕಳ್ಳರು ಅಡಗ್ಯಾರರಿ. ನನ್ನ ರೊಕ್ಕ ಇವತ್ತ ಹೋಗ್ತಿತ್ತು. ಅಕ್ಕ ಉಳಿಸಿದ್ರು. ನಾನೇ ಕಣ್ಣಾರೆ ನೋಡೀನ್ರಿ."

ಆ ಕಡೆ ಶಾಲುಬಾಯಿಯ ನಗು ಇನ್ನೂ ನಿಂತಿರಲಿಲ್ಲ. ಮಹಾಮಾಯಾ ರೊಟ್ಟಿ ಬಿಟ್ಟು ಕರುಣಾಳನ್ನೇ ನೋಡುತ್ತಿದ್ದಳು.

"ಶಾಲೂ," ಎಂದು ಕಾಕಾ ಕೂಗಿದರು, ದನಿ ಬೇರೆಯಾಗಿತ್ತು, "ನಗೂದು ಬಿಡು, ನಿನ್ನ ಫೋನೂ ತಗೊಂಡು ಬಾ ಇತ್ತ. ಹಾಂ ಕರುಣಾ, ಹೇಳವಾ. ಸಾವಕಾಶ ಹೇಳು. ಮೊದಲು ಏನ್ ಮಾಡ್ಲಿ?"

"ಮೊದಲು ಇಂಟರ್ನೆಟ್ ಬಂದ್ ಮಾಡ್ರಿ ಕಾಕಾ," ಎಂದು ಕರುಣಾ ಹೇಳತೊಡಗಿದಳು.